ದಾರಿಗೆ ತಕ್ಕ ಕ್ಯಾಸೆಟ್ಟು

ಸುದ್ದಿ ಬಂದಾಗ ನಾನು ಹುರುಳಿಕಾಯಿ ಸೋಸುತ್ತಾ ಕೂತಿದ್ದೆ. ಶ್ರೀನಿವಾಸಪುರದ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ, ಅದೂ ಇದೂ ಮಾತಾಡಿ, ಇಡುವ ಮುಂಚೆ "ನಿಮ್ಮ ಮೈಕಣ್ಣ ಹೋಗ್ಬಿಟ್ರು ಸಾರ್, ಹೋದ ತಿಂಗಳೇ" ಎಂದರು. "ಹೌದಾ" ಎಂದೆ. ಫೋನು ಇಟ್ಟು ಉಳಿದ ಹುರುಳಿಕಾಯಿಯನ್ನೂ ಸೋಸಿ ಮುಗಿಸಿದೆ. ಯಾರು ಎಂದು ಹೆಂಡತಿ ಕೇಳಿದಳು, ಹೇಳಿದೆ. ಅವಳು ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲವೇನೋ, ಮತ್ತೆ ಒಗ್ಗರಣೆಯ ಕಡೆ ತಿರುಗಿದಳು.

ಅವರ ನಿಜವಾದ ಹೆಸರು ಇಲ್ಲಿ ಬೇಡ. ಊರಿನಲ್ಲಿ ಅದು ಗೊತ್ತಿದ್ದವರೂ ಕಡಿಮೆ. ಎಪ್ಪತ್ತರ ದಶಕದಲ್ಲಿ ಅವರು ಮದುವೆ ಮುಂಜಿಗಳಿಗೆ ಮೈಕ್ ಸೆಟ್ಟು ಹಾಕಿ ಗ್ರಾಮಫೋನ್ ಪ್ಲೇಟು ತಿರುಗಿಸುತ್ತಿದ್ದರಂತೆ. ಹಾಗಾಗಿ ಕನ್ನಡ ಮಾತಾಡುವವರಿಗೆ ಮೈಕಣ್ಣ, ತೆಲುಗಿನವರಿಗೆ ಮೈಕನ್ನ. ನಾನು ಅಲ್ಲಿಗೆ ಹೋದದ್ದು ಎಂಬತ್ತರ ದಶಕದ ಮೊದಲಲ್ಲಿ, ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ. ನಾನು ಮೈಸೂರು ಕಡೆಯವನು, ತೆಲುಗು ಬಾರದು. ಹೆಂಡತಿಗೆ ಕೋಲಾರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸವಿದ್ದುದರಿಂದ ಮನೆ ಕೋಲಾರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹಿಂತಿರುಗುವುದು ನನ್ನ ದಿನಚರಿ. ಸ್ಕೂಲಿನ ಗೇಟಿಗೆ ಎದುರಾಗಿ ಮೈಕಣ್ಣನ ಅಂಗಡಿ. ಬಸ್ಸು ನಿಲ್ಲುವುದೂ ಅದರ ಮುಂದೆಯೇ.

ಅಂಗಡಿಯೆಂದರೆ ಒಂದು ಗೂಡು. ಒಳಗೆ ಅಕ್ಕಪಕ್ಕ ಮೂರು ದೊಡ್ಡ ಟೇಪ್ ರೆಕಾರ್ಡರು, ಒಂದು ಪ್ಲೇಟು ಮೆಷಿನ್ನು, ಗೋಡೆ ತುಂಬ ಕ್ಯಾಸೆಟ್ಟು. ಆ ಕಾಲದಲ್ಲಿ ಅಂಥ ಅಂಗಡಿಗಳು ಕೋಲಾರದಲ್ಲೂ ಇದ್ದವು, ಮುಳಬಾಗಿಲಿನಲ್ಲೂ ಇದ್ದವು. ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. ಮೈಕಣ್ಣನ ಹತ್ತಿರ ಪಟ್ಟಿ ನಡೆಯುತ್ತಿರಲಿಲ್ಲ. ನಾನು ಮೊದಲ ಸಲ ಪಟ್ಟಿ ಹಿಡಿದುಕೊಂಡು ಹೋದಾಗ ಅದನ್ನು ಮಡಿಸಿ ನನ್ನ ಜೇಬಿಗೇ ವಾಪಸು ಇಟ್ಟರು.

"ಎಲ್ಲಿಗೆ ಹೋಗ್ತಾ ಕೇಳೋಕೆ ಸಾರ್?"

"ಎಲ್ಲಿಗೂ ಇಲ್ಲ, ಮನೆಯಲ್ಲಿ ಕೇಳೋಕೆ."

"ಹಂಗಾದ್ರೆ ರೇಡಿಯೋ ಇದ್ಯಲ್ಲ. ಕ್ಯಾಸೆಟ್ಟು ದಾರೀಗೆ."

ಅವರು ಹಾಗೇ. ಪ್ರಯಾಣಕ್ಕಲ್ಲದೆ ಕ್ಯಾಸೆಟ್ಟು ಮಾಡಿಕೊಡುತ್ತಿರಲಿಲ್ಲ. ಬಂದವರಿಗೆ ನಾಲ್ಕು ಪ್ರಶ್ನೆ: ಎಲ್ಲಿಂದ ಎಲ್ಲಿಗೆ, ಯಾವುದರಲ್ಲಿ, ಯಾರ ಜೊತೆಗೆ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ. ಕೊನೆಯ ಪ್ರಶ್ನೆಗೆ ಜನ ಮುಖ ಸಿಂಡರಿಸುತ್ತಿದ್ದರು, ಆದರೂ ಉತ್ತರ ಹೇಳುತ್ತಿದ್ದರು. ಉತ್ತರ ಸಿಕ್ಕಿದ ಮೇಲೆ ಕಿವಿಯ ಸಂದಿನಿಂದ ಪೆನ್ಸಿಲು ತೆಗೆದು, ಅದರಲ್ಲೇ ಒಂದು ಕ್ಯಾಸೆಟ್ಟಿನ ಚಕ್ರ ತಿರುಗಿಸುತ್ತಾ ಕೂರುತ್ತಿದ್ದರು. ಅದು ಅವರು ಯೋಚಿಸುವ ಕ್ರಮ.

ಯಲ್ದೂರಿನ ಒಬ್ಬರು ಮಗಳನ್ನು ಗಂಡನ ಮನೆಗೆ ಕಾರಿನಲ್ಲಿ ಕಳಿಸಿಕೊಡುವುದಿತ್ತು. ಹೆಣ್ಣು ಒಪ್ಪಿಸುವ ಹಾಡುಗಳನ್ನೇ ತುಂಬಿಸಿ ಎಂದು ಬಂದರು. "ಆ ಹುಡುಗಿ ಈಗ್ಲೇ ಅಳ್ತಾ ಅವ್ಳೆ, ನೀನು ಇನ್ನೂ ಅಳಿಸ್ತೀಯೇನಯ್ಯ? ಮೊದ್ಲು ಮೂರು ಪಾಟ ನಗೋವು ಹಾಕ್ತೀನಿ, ಆಮೇಲೆ ಅವ್ಳಿಗೆ ಗೊತ್ತಿಲ್ದೇ ಇರೋವು. ಹೊಸ ಊರಿಗೆ ಹೊಸ ಪಾಟ ಕೇಳ್ಕೊಂಡು ಹೋಗ್ಲಿ" ಎಂದರು ಮೈಕಣ್ಣ. ಹಾಡಿಗೆ ಅವರು ಎಂದೂ ಹಾಡು ಎನ್ನುತ್ತಿರಲಿಲ್ಲ. ತೆಲುಗಿನ ಪಾಟವೇ ಅವರ ಕನ್ನಡದಲ್ಲೂ ಪಾಟ.

ಇನ್ನೊಮ್ಮೆ ವೇಮಗಲ್ ಕಡೆಯವನೊಬ್ಬ ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಕರೆದೊಯ್ಯಲು ಕ್ಯಾಸೆಟ್ಟು ಕೇಳಿದ. ಮುದುಕರಿಗೆ ನಾಟಕದ ಪದಗಳೆಂದರೆ ಪ್ರಾಣವಂತೆ. ಮೈಕಣ್ಣ ಒಂದು ಕಡೆ ಪೂರ್ತಿ ಅವೇ ಪದಗಳನ್ನು ತುಂಬಿಸಿದರು. ತಿರುಗಿಸಿ ನೋಡಿದವನು "ಈ ಕಡೆ ಏನೂ ಇಲ್ವಲ್ಲಣ್ಣ" ಎಂದ. "ಬರೋವಾಗ ಹೆಂಗಿರ್ತೀರೋ ಏನೋ. ಅದನ್ನ ಖಾಲಿ ಬಿಟ್ಟಿದ್ದೀನಿ" ಎಂದರು. ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಆ ಮನುಷ್ಯ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದ.

ಸಂಜೆಯ ಬಸ್ಸಿಗೆ ಕಾಯುವಾಗ ನನಗೆ ಆ ಬೆಂಚು ಕಾಯಮ್ಮಾಯಿತು. ಅವರು ಹಾಡು ಜೋಡಿಸುವುದನ್ನು ನೋಡುತ್ತಾ ಕೂರುತ್ತಿದ್ದೆ. ಒಂದು ಟೇಪಿನಲ್ಲಿ ಹಾಡು ಮುಗಿಯುತ್ತಿರುವಾಗಲೇ ಅದರ ಗುಂಡಿಯನ್ನು ಎಡಗೈಯಲ್ಲಿ ಇಳಿಸುತ್ತಾ, ಬಲಗೈಯಲ್ಲಿ ಇನ್ನೊಂದನ್ನು ಏರಿಸುತ್ತಿದ್ದರು. ಹಳೆಯ ಹಾಡಿನ ಕೊಳಲು ಇನ್ನೂ ಕೇಳುತ್ತಿರುವಾಗಲೇ ಹೊಸ ಹಾಡಿನ ತಬಲ ಒಳಗೆ ಬಂದಿರುತ್ತಿತ್ತು. "ಬಾಗಿಲು ತೆಗೆದಿದ್ದು, ಹಾಕಿದ್ದು ಗೊತ್ತಾಗ್ಬಾರ್ದು ಸಾರ್" ಎನ್ನುತ್ತಿದ್ದರು. ತಾವಾಗಿ ಒಂದು ಸಾಲೂ ಗುನುಗುತ್ತಿರಲಿಲ್ಲ. ತಲೆ ಆಡಿಸುತ್ತಿರಲಿಲ್ಲ. ಮಗುವಿಗೆ ಜ್ವರ ಇದೆಯೇ ಎಂದು ನೋಡುವಂತೆ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರು, ಅಷ್ಟೇ.

ಕ್ಯಾಸೆಟ್ಟಿನ ಚೀಟಿಯ ಮೇಲೆ ಅವರು ಕನ್ನಡದಲ್ಲಿ ಬರೆಯುತ್ತಿದ್ದರು. ಲಿಪಿ ಕನ್ನಡ, ಮಾತು ತೆಲುಗು, ಒತ್ತಕ್ಷರ ಅವರ ಸ್ವಂತದ್ದು. ನಾನು ಜೇಬಿನಿಂದ ಕೆಂಪು ಪೆನ್ನು ತೆಗೆದು ತಿದ್ದುತ್ತಿದ್ದೆ. ನನಗೆ ಅದು ಚಟ. ಅಂಗಡಿ ಬೋರ್ಡು, ಮದುವೆ ಕಾಗದ, ಏನು ಕಂಡರೂ ಕೈ ಸುಮ್ಮನಿರುತ್ತಿರಲಿಲ್ಲ. "ಕ್ಯಾಸೆಟ್ಟಿಗೂ ಮಾರ್ಕ್ಸ್ ಹಾಕ್ತೀರಾ ಸಾರ್? ಪಾಸಾ ಫೇಲಾ ಹೇಳ್ಬಿಡಿ" ಎಂದು ನಗುತ್ತಿದ್ದರು. ತಿದ್ದಿಸಿಕೊಂಡು, ಮಾರನೆಯ ದಿನ ಮತ್ತೆ ಅದೇ ತಪ್ಪು ಬರೆಯುತ್ತಿದ್ದರು.

ಅವರಿಗೆ ನಿಜವಾಗಿ ಮುಖ್ಯವಾಗಿದ್ದುದು ಬಸ್ಸಿನ ಕ್ಯಾಸೆಟ್ಟು. ರಾಯಲ್ಪಾಡಿನಿಂದ ಹೊರಟು ಶ್ರೀನಿವಾಸಪುರದ ಮೇಲೆ ಕೋಲಾರಕ್ಕೆ ಹೋಗುವ ಒಂದು ಖಾಸಗಿ ಬಸ್ಸಿತ್ತು, ನಾನು ಸಂಜೆ ಹಿಡಿಯುತ್ತಿದ್ದುದು ಅದನ್ನೇ. ಅದರ ಡ್ರೈವರ್ ರಾಯಲ್ಪಾಡಿನವನು, ಮೂವತ್ತು ದಾಟಿರಲಿಲ್ಲ. ಮೈಕ್ ಸೆಟ್ಟಿನ ಕಾಲದಿಂದಲೂ ಮೈಕಣ್ಣನಿಗೆ ತಮ್ಮನಂತಿದ್ದವನು. ಅವನ ಬಸ್ಸಿಗೆ ಟೇಪ್ ರೆಕಾರ್ಡರ್ ಬಂದಾಗ ಮೈಕಣ್ಣ ಒಂದು ವಾರ ಅಂಗಡಿ ಮುಚ್ಚಿ ದಿನವೂ ಅದರಲ್ಲಿ ಹೋಗಿಬಂದರು. ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಗಡಿಯಾರ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಮಾವಿನ ತೋಪಿನ ನೆರಳು, ಎಲ್ಲಿ ಸಂಜೆ ಬಿಸಿಲು ಡ್ರೈವರನ ಕಣ್ಣಿಗೆ ಹೊಡೆಯುತ್ತದೆ, ಎಲ್ಲವನ್ನೂ ಬರೆದುಕೊಂಡರು. ನಿಲ್ಲುವ ಹೊತ್ತು ಬಿಟ್ಟರೆ ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸು ಓಡುವುದು ನಲವತ್ತೈದು ನಿಮಿಷ. ದೊಡ್ಡ ಕ್ಯಾಸೆಟ್ಟಿನ ಒಂದು ಕಡೆಯೂ ನಲವತ್ತೈದು ನಿಮಿಷ. ಇದನ್ನು ಕಂಡುಹಿಡಿದ ದಿನ ಅವರು ಸ್ಟಾಫ್ ರೂಮಿನವರೆಗೂ ಬಂದು ನನಗೆ ಹೇಳಿಹೋದರು. ಹೋಗುವುದಕ್ಕೆ ಒಂದು ಕಡೆ, ಬರುವುದಕ್ಕೆ ಇನ್ನೊಂದು ಕಡೆ.

ಮೊದಲು ದೇವರ ಹಾಡು, ಅದು ಬಸ್ಸುಗಳ ಪದ್ಧತಿ. ಆಮೇಲೆ ಏರಿನಲ್ಲಿ ನಿಧಾನದ್ದು, ಡ್ರೈವರ್ ಎಂಜಿನ್ನನ್ನು ಹಿಂಸಿಸಬಾರದು ಅಂತ. ಬಿಸಿಲು ಕಣ್ಣಿಗೆ ಹೊಡೆಯುವ ಕಡೆ ಹೆಂಗಸರ ದನಿ. ನೇರ ರಸ್ತೆಯಲ್ಲಿ ಕುಣಿಯುವ ಹಾಡು ಕೂಡದು, ವೇಗ ಏರುತ್ತದೆ. ಕೋಲಾರದ ದೀಪ ಕಾಣುವ ಹೊತ್ತಿಗೆ ಎಲ್ಲರೂ ಎದ್ದು ಗಂಟುಮೂಟೆ ಹುಡುಕಿಕೊಳ್ಳುವಂಥದ್ದು. ಅರ್ಧ ದಾರಿಯಲ್ಲಿ ಹುಣಸೆಮರದ ತಿರುವು ಎಂದು ಒಂದು ಕೆಟ್ಟ ತಿರುವಿದೆ. ಅಲ್ಲಿಗೆ ಮೈಕಣ್ಣ ಏನೂ ಹಾಕಲಿಲ್ಲ. ಒಂದು ನಿಮಿಷ ಖಾಲಿ ಟೇಪು. "ಆ ತಿರುವಲ್ಲಿ ಪಾಟ ಇರ್ಬಾರ್ದು ಸಾರ್. ಕಣ್ಣು ರಸ್ತೇಲಿ ಇದ್ರೂ ಕಿವಿ ಇನ್ನೆಲ್ಲೋ ಇರತ್ತೆ."

ಹೊಸಬರು "ಏನ್ಲಾ, ಟೇಪ್ ಕಿತ್ಕೊಂತಾ?" ಎಂದು ಕೂಗುತ್ತಿದ್ದರು. ದಿನದ ಪ್ರಯಾಣಿಕರು ಮಾತ್ರ ಆ ಒಂದು ನಿಮಿಷ ತಾವೂ ಬಾಯಿ ಮುಚ್ಚುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಅಭ್ಯಾಸವಾಗಿಬಿಟ್ಟಿತ್ತು.

ಟೇಪು ಗಡಿಯಾರದ ಪ್ರಕಾರ ಓಡುತ್ತದೆ, ಬಸ್ಸು ಜನರ ಪ್ರಕಾರ. ಅದಕ್ಕೆ ಅವರು ಡ್ರೈವರನಿಗೆ ಒಂದೇ ಒಂದು ನಿಯಮ ಹಾಕಿದ್ದರು: "ಬಸ್ ನಿಂತ್ರೆ ಪಾಟಾನೂ ನಿಲ್ಬೇಕು." ಅವನು ಅದನ್ನು ತಪ್ಪಿದ್ದನ್ನು ನಾನು ನೋಡಲಿಲ್ಲ. ಬ್ರೇಕಿನ ಮೇಲೆ ಕಾಲು ಹೋದರೆ ಟೇಪಿನ ಗುಂಡಿಯ ಮೇಲೆ ಬೆರಳು ಹೋಗುತ್ತಿತ್ತು. ಹಾಡಿನ ನಡುವೆ, ಸಾಲಿನ ನಡುವೆ ಗಕ್ಕನೆ ನಿಂತುಬಿಡುತ್ತಿತ್ತು. ಜನ ಬೈಯುತ್ತಿದ್ದರು. "ಮೈಕನ್ನ ಆರ್ಡರು" ಎಂದು ಅವನು ನಗುತ್ತಿದ್ದ.

ನಾನು ಎರಡನೆಯ ವರ್ಷದ ಜುಲೈ ತಿಂಗಳಿಗೆ ಬರುತ್ತೇನೆ. ಮಾವಿನ ಕಾಲ. ಬಸ್ಸು ತೋಪುತೋಪಿಗೂ ನಿಲ್ಲುತ್ತಿತ್ತು, ಟಾಪಿನ ಮೇಲೆ ಬುಟ್ಟಿ ಏರುತ್ತಿತ್ತು. ನಾನು ಡ್ರೈವರನ ಹಿಂದಿನ ಸೀಟಿನಲ್ಲಿ ಮೊದಲ ಟೆಸ್ಟಿನ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಹುಣಸೆಮರದ ತಿರುವಿನಲ್ಲಿ ಬಸ್ಸು ತಿರುಗಲಿಲ್ಲ. ನೇರ ಹೋಗಿ ಹಳ್ಳಕ್ಕೆ ಇಳಿದು ಮರಕ್ಕೆ ಬಡಿಯಿತು. ಯಾಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಸ್ಟೀರಿಂಗ್ ಕೈಕೊಟ್ಟಿತು ಎಂದು ಮೆಕ್ಯಾನಿಕ್ ಒಬ್ಬ ಹೇಳಿದನಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕ್ಷಣದಲ್ಲಿ ಹಾಡು ಇತ್ತೋ ಇರಲಿಲ್ಲವೋ ಎಂದು ಜನ ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ನಾನು ಒಬ್ಬ ಹುಡುಗನ ಷಷ್ಠೀ ವಿಭಕ್ತಿ ತಿದ್ದುತ್ತಿದ್ದೆ. ಹಾಡಿನ ನೆನಪಿಲ್ಲ.

ಹಲವರ ಕೈಕಾಲು ಮುರಿಯಿತು. ನನ್ನ ಎಡಗೈ ಮುರಿಯಿತು. ಹೋದವನು ಡ್ರೈವರ್ ಒಬ್ಬನೇ. ಅವನನ್ನು ಹೊರಗೆಳೆದು ಹುಲ್ಲಿನ ಮೇಲೆ ಮಲಗಿಸಿ, ಉಳಿದವರು ರಸ್ತೆಗೆ ಓಡಿದರು. ಪಕ್ಕದಲ್ಲಿ ಉಳಿದವನು ಒಂದು ಕೈಯ ನಾನು. ಅವನು ಕಣ್ಣು ಬಿಟ್ಟು ನನ್ನ ಗುರುತು ಹಿಡಿದ. "ಸಾರ್, ಮೈಕನ್ನಕಿ ಚೆಪ್ಪಂಡಿ" ಎಂದ. ಮೈಕಣ್ಣನಿಗೆ ಹೇಳಿ. ಅಷ್ಟು ತೆಲುಗು ಆಗ ನನಗೆ ಬರುತ್ತಿತ್ತು. ಆಮೇಲೆ "ಪಾಟ" ಎಂದ. ಉಸಿರು ಎಳೆದುಕೊಂಡ. "ಆಗಿಪೋಯಿಂದಿ" ಎಂದ. ಅದರ ನಂತರ ಅವನು ಮಾತಾಡಲಿಲ್ಲ. ಕೋಲಾರ ತಲುಪುವ ಮೊದಲೇ ತೀರಿಕೊಂಡ.

ಎರಡು ದಿನ ಬಿಟ್ಟು ಮೈಕಣ್ಣ ಆಸ್ಪತ್ರೆಗೆ ನನ್ನನ್ನು ನೋಡಲು ಬಂದರು. ಮಂಚದ ಕಾಲ ಕಡೆ ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ. ಕಿವಿಯಲ್ಲಿ ಪೆನ್ಸಿಲು ಇರಲಿಲ್ಲ.

"ಕೊನೇಲಿ ನೀವೇ ಪಕ್ಕದಲ್ಲಿದ್ರಂತಲ್ಲ. ಏನಾದ್ರೂ ಅಂದ್ನಾ ಸಾರ್?"

"ನಿಮಗೆ ಹೇಳೋಕೆ ಹೇಳಿದ" ಎಂದೆ. "ಪಾಟದಿಂದ ಆಗಿಹೋಯ್ತು ಅಂದ."

"ಅವನ ಬಾಯಲ್ಲಿ ಅದೇ ಬಂತಾ?"

"ಅದೇ" ಎಂದೆ.

ಅವನ ಬಾಯಲ್ಲಿ ಬಂದದ್ದು ಪಾಟ, ಪಾಟದಿಂದ ಅಲ್ಲ. 'ಇಂದ' ನಾನು ಸೇರಿಸಿದ್ದು. ಪಾಟ ಎಂದ, ಆಗಿಹೋಯಿತು ಎಂದ. ನನ್ನ ಕಿವಿಗೆ ಅದು ಪ್ರತ್ಯಯ ಬಿಟ್ಟುಹೋದ ವಾಕ್ಯವಾಗಿ ಕೇಳಿಸಿತು, ತೃತೀಯಾ ವಿಭಕ್ತಿ ಹಾಕಿ ಸರಿಮಾಡಿದೆ. ಹಾಡು ಮುಗಿದುಹೋಗಿತ್ತು ಎಂದೂ ಅರ್ಥ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಆ ವಾರ್ಡಿನಲ್ಲಿ ಎಲ್ಲರೂ ಬಸ್ಸಿನ ಹಾಡಿನ ಮಾತೇ ಆಡುತ್ತಿದ್ದರು, ನನಗೂ ಅದೇ ಸರಿ ಎನಿಸಿತ್ತು.

ಮೈಕಣ್ಣ ನೆಲ ನೋಡಿದರು. "ಮಾವಿನ ಕಾಲ ನಾನು ಲೆಕ್ಕಕ್ಕೆ ಹಿಡೀಲಿಲ್ಲ ಸಾರ್. ಅಷ್ಟು ಸಲ ನಿಂತ್ರೆ ಒಂದ್ಸಲಾನಾದ್ರೂ ಗುಂಡಿ ಒತ್ತೋದು ಮರ್ತೇ ಮರೀತಾನೆ. ಪಾಟ ತಿರುವಿನೊಳಕ್ಕೆ ಬಂದುಬಿಟ್ಟಿದೆ" ಎಂದರು. ತಂದಿದ್ದ ಕಿತ್ತಳೆ ಹಣ್ಣಿನ ಚೀಲ ಮಂಚದ ಕೆಳಗಿಟ್ಟು ಹೊರಟರು. ಅಂದು ವಾಪಸು ಹೋದದ್ದೇ ಕೊನೆ. ಆಮೇಲೆ ಅವರು ಬಸ್ಸು ಹತ್ತಲಿಲ್ಲ.

ನಾನು ಕೈ ಸರಿಯಾಗಿ ಸ್ಕೂಲಿಗೆ ಮರಳುವ ಹೊತ್ತಿಗೆ ಗೋಡೆಯ ಕ್ಯಾಸೆಟ್ಟುಗಳು ಇರಲಿಲ್ಲ. ಟೇಪ್ ರೆಕಾರ್ಡರುಗಳ ಮೇಲೆ ಗೋಣಿಚೀಲ ಹೊದಿಸಿತ್ತು. ಮೈಕಣ್ಣ ಬಾವಿಯ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದರು. ಅವರನ್ನು ಯಾರೂ ಹೊಡೆಯಲಿಲ್ಲ, ಯಾರೂ ಪೊಲೀಸರಿಗೆ ದೂರು ಕೊಡಲಿಲ್ಲ. ಆದರೆ ಬಸ್ಸಿನವರು ಟೇಪು ಬಿಚ್ಚಿಸಿದರು, ಮತ್ತು ಡ್ರೈವರ್ ಹಾಡು ಕೇಳುತ್ತಾ ಮೈಮರೆತು ಸತ್ತ ಎನ್ನುವುದು ಊರಿನ ಮಾತಾಯಿತು. ಆ ಮಾತಿಗೆ ಆಧಾರ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಡ್ರೈವರನ ಹೆಂಡತಿ ರಾಯಲ್ಪಾಡಿನಲ್ಲಿ ಮೈಕಣ್ಣನ ಹೆಸರು ಹಿಡಿದು ಬೈಯುತ್ತಾಳೆಂದು ಆ ಕಡೆಯ ಹುಡುಗರು ಹೇಳುತ್ತಿದ್ದರು. ಸಾವಿಗೂ ಮೈಕಣ್ಣ ಹೋಗಿರಲಿಲ್ಲ.

ನಾನು ಸಂಜೆ ಬೆಂಚಿನ ಮೇಲೆ ಕೂರುವುದನ್ನು ಬಿಡಲಿಲ್ಲ. ಅವರೂ ಬೇಡ ಎನ್ನಲಿಲ್ಲ. ಮಾತು ಕಡಿಮೆಯಾಯಿತು. ತಂತಿಯ ಸುತ್ತು ಎಣಿಸುತ್ತಿದ್ದರು, ನಾನು ಪತ್ರಿಕೆ ತಿದ್ದುತ್ತಿದ್ದೆ. ಒಮ್ಮೆ ಮಾತ್ರ ಕೇಳಿದೆ, ಒಂದು ಹಾಡನ್ನಾದರೂ ಹಾಕಬಾರದೇ ಎಂದು. "ಕೈ ಬರಲ್ಲ ಸಾರ್" ಎಂದರು. ಹೀಗೆ ಮೂರು ವರ್ಷ. ಆ ದಿನಗಳಲ್ಲಿ ನನಗೆ ದುಃಖವಾಗುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅಪಘಾತವಾದಾಗಿನಿಂದ ನನಗೆ ಯಾವುದೂ ಸರಿಯಾಗಿ ತಟ್ಟುತ್ತಿರಲಿಲ್ಲ. ಊಟ ರುಚಿಯಾಗಿದೆಯೇ ಎಂದರೆ ಯೋಚಿಸಿ ಹೇಳಬೇಕಾಗುತ್ತಿತ್ತು.

ಆಮೇಲೆ ಒಂದು ಮಳೆಗಾಲ, ಸ್ಕೂಲಿನ ಯಾವುದೋ ಕೆಲಸದ ಮೇಲೆ ಮುಳಬಾಗಿಲಿಗೆ ಹೋಗಿದ್ದೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಜೋರು ಮಳೆ. ಚಾವಣಿಯ ಕೆಳಗೆ ನಾವೆಲ್ಲ ಒತ್ತಿಕೊಂಡು ನಿಂತಿದ್ದೆವು. ನನ್ನ ಪಕ್ಕದಲ್ಲಿ ಟೊಮೇಟೊ ಬುಟ್ಟಿ ಇಟ್ಟುಕೊಂಡ ಹೆಂಗಸು. ಕೊನೆಗೆ ಮಳೆ ನಿಂತಿತು. ಅವಳು ಕೈ ಹೊರಗೆ ಚಾಚಿ ನೋಡಿ, ಜೊತೆಯವಳಿಗೆ ಹೇಳಿದಳು:

"ವಾನ ಆಗಿಪೋಯಿಂದಿ, ಪದವೇ."

ಮಳೆ ಆಗಿಹೋಯಿತು, ನಡೆಯೇ. ಹೌದಲ್ಲ, ಮಳೆ ಆಯಿತಲ್ಲ ಎಂದುಕೊಂಡೆ ನಾನು. ಅವಳು ಬುಟ್ಟಿ ತಲೆಗೇರಿಸಿಕೊಂಡು ಹೊರಟಳು. ಮಳೆ ಆಯಿತು ಎನ್ನುವವರು ಹೀಗೆ ಹೊರಡುವುದಿಲ್ಲ. ನಾನು ಹಿಂದೆಯೇ ಹೋಗಿ, ಏನಮ್ಮ ಹೇಳಿದ್ದು ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಳೆ ನಿಂತ್ಕೊಂತು ಅಂದೆ ಸಾಮಿ. ಆಗಿಪೋಯಿಂದಿ ಅಂದ್ರೆ ನಿಂತೋಯ್ತು ಅಂತ. ನಿಮಗೆ ತೆಲುಗು ರಾದಾ?"

ಪಾಟ ನಿಂತಿತ್ತು. ಮೈಕಣ್ಣನಿಗೆ ಹೇಳಿ, ಪಾಟ ನಿಂತಿತ್ತು. ಅಷ್ಟೊಂದು ಸಲ ನಿಲ್ಲಿಸಿದರೂ ಅವನು ಒಂದು ಸಲವೂ ಗುಂಡಿ ಮರೆತಿರಲಿಲ್ಲ. ತಿರುವಿಗೆ ಬರುವಾಗ ಖಾಲಿ ಟೇಪು ಸರಿಯಾಗಿ ಓಡುತ್ತಿತ್ತು. ನಿನ್ನ ತಪ್ಪಿಲ್ಲ, ನನ್ನದೂ ಇಲ್ಲ ಎಂದು ಹೇಳಿಕಳಿಸಿದ್ದ. ಸಾಯುವಾಗ ಅವನಿಗೆ ನೆನಪಾದದ್ದು ಅದು. ನಾನು ಅದನ್ನು ತಲೆಕೆಳಗು ಮಾಡಿ ಒಯ್ದು ಕೊಟ್ಟಿದ್ದೆ.

ಅಲ್ಲಿಂದ ನೇರ ಶ್ರೀನಿವಾಸಪುರಕ್ಕೆ ಬಸ್ಸಿತ್ತು. ನಾನು ಕೋಲಾರದ ಬಸ್ಸು ಹತ್ತಿ ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಮರುದಿನ ಹೇಳೋಣವೆಂದುಕೊಂಡೆ. ಮರುದಿನ ಅವರು ಯಾರದ್ದೋ ಮೋಟರು ಬಿಚ್ಚುತ್ತಿದ್ದರು, ಗಿರಾಕಿ ಪಕ್ಕದಲ್ಲೇ ಇದ್ದ. ಇನ್ನೊಂದು ದಿನ ಅವರಿಗೆ ನೆಗಡಿ. ಮತ್ತೊಂದು ದಿನ ಯಾವ ಅಡ್ಡಿಯೂ ಇರಲಿಲ್ಲ, ಆದರೂ ಹೇಳಲಿಲ್ಲ. ನಾಚಿಕೆಯೋ ಹೆದರಿಕೆಯೋ ಆಗಿದ್ದರೆ ಅದನ್ನಾದರೂ ಹೇಳಿಕೊಳ್ಳಬಹುದಿತ್ತು. ದಿನವೂ ಆ ಬೆಂಚಿನ ಮೇಲೆ, ಅವರಿಂದ ಮೂರಡಿ ದೂರದಲ್ಲಿ ಕೂತು, ಬಾಯಿ ತೆರೆಯದೆ ಎದ್ದುಬರುತ್ತಿದ್ದೆ. ಎಂಟು ತಿಂಗಳು ಹೀಗೇ ಕಳೆಯಿತು.

ಕೊನೆಗೆ ಮಾಲೂರಿಗೆ ನನ್ನ ವರ್ಗವಾಯಿತು. ಚಾರ್ಜು ಕೊಟ್ಟಾಗಿತ್ತು. ವಾಚ್‌ಮನ್ನನ ಹತ್ತಿರ ಬಿಟ್ಟಿದ್ದ ನನ್ನ ಪುಸ್ತಕಗಳ ಗಂಟು ತರಲು ಬೆಳಿಗ್ಗೆ ಹೋದವನು, ಹಿಂತಿರುಗುವ ಬಸ್ಸಿಗೆಂದು ಬೆಂಚಿನ ಮೇಲೆ ಕೂತೆ. ಮತ್ತೆ ಆ ಬೆಂಚು ಸಿಗುವುದಿಲ್ಲ ಎಂದು ಗೊತ್ತಿತ್ತು. ಹೇಳಿದೆ. ಮುಳಬಾಗಿಲಿನ ಹೆಂಗಸು, ಮಳೆ, ನಾನು ಸೇರಿಸಿದ 'ಇಂದ', ಎಲ್ಲವನ್ನೂ ಹೇಳಿದೆ.

ಮೈಕಣ್ಣ ತಂತಿ ಸುತ್ತುವುದನ್ನು ನಿಲ್ಲಿಸಿದರು. "ಇನ್ನೊಂದ್ಸಲ ಹೇಳಿ ಸಾರ್. ನಿಮ್ಮ ಕನ್ನಡ ಬೇಡ. ಅವನು ಅಂದಂಗೇ ಹೇಳಿ."

"ಮೈಕನ್ನಕಿ ಚೆಪ್ಪಂಡಿ. ಪಾಟ ಆಗಿಪೋಯಿಂದಿ."

"ಇನ್ನೊಂದ್ಸಲ."

ಹೇಳಿದೆ. ಅವರು ಸ್ಪೀಕರ್ ಮೇಲೆ ಇಡುತ್ತಿದ್ದ ಹಾಗೆ ಅಂಗೈಯನ್ನು ಮೋಟರಿನ ಮೇಲೆ ಇಟ್ಟುಕೊಂಡು ಕೇಳಿದರು. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಒತ್ತಿದ್ನಾ ನನ್ನ ತಮ್ಮ? ಅಷ್ಟು ಸಲಾನೂ ಒತ್ತಿದ್ನಾ" ಎಂದರು. ಆಮೇಲೆ, "ಇದು ನಿಮಗೆ ಯಾವಾಗ ಗೊತ್ತಾಗಿದ್ದು?"

"ಹೋದ ಮಳೆಗಾಲದಲ್ಲಿ."

ಅವರು ಬೆರಳು ಮಡಿಸಿ ತಿಂಗಳು ಎಣಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೂಜಿಯ ನೀರಿನಲ್ಲಿ ಕೈ ತೊಳೆದು, ಮುಖ ತೊಳೆದು, ಮೊಳೆಗೆ ನೇತುಹಾಕಿದ್ದ ಅಂಗಿ ಹಾಕಿಕೊಂಡು, ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಸೇರಿಸತೊಡಗಿದರು.

"ಎಲ್ಲಿಗೆ?" ಎಂದೆ.

"ರಾಯಲ್ಪಾಡಿಗೆ. ಆಯಮ್ಮನ ಹತ್ರಕ್ಕೆ. ನನ್ನ ಬೈಲಿ, ಅದಲ್ಲ ಸಾರ್. ನಾಲ್ಕು ವರ್ಷದಿಂದ ಜನ ಆಯಮ್ಮನ ಗಂಡನ್ನ ಪಾಟ ಕೇಳ್ಕೊಂಡು ಮೈಮರ್ತೋನು ಅಂತವ್ರೆ. ಮಕ್ಕಳೂ ಅದನ್ನೇ ಕೇಳ್ಕೊಂಡು ಬೆಳೀತಾವ್ರೆ. ಅವನು ಮೈಮರ್ತಿರ್ಲಿಲ್ಲ ಅಂತ ಗೊತ್ತಾಗ್ಬೇಕು ಕದಾ?" ಕೊನೆಯ ಹಲಗೆ ಹಾಕಿ ಬೀಗ ಒತ್ತಿದರು. "ನೀವೂ ಬನ್ನಿ ಸಾರ್. ನಾನು ಹೇಳಿದ್ರೆ ನಂಬಲ್ಲ. ತನ್ನ ತಪ್ಪು ಮುಚ್ಕೊಳ್ಳೋಕೆ ಬಂದವ್ನೆ ಅಂತಾರೆ. ಕೇಳಿದ ಕಿವಿ ನಿಮ್ದು. ನೀವು ಒಂದು ಮಾತು ಅಂದ್ರೆ ಸಾಕು."

ರಾಯಲ್ಪಾಡಿನ ಕಡೆಯ ಬಸ್ಸು ಆಗಲೇ ಬಂದು ನಿಂತಿತು. ಅವರು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ನಾಲ್ಕು ವರ್ಷದ ನಂತರ ಕಂಬಿ ಹಿಡಿದುಕೊಂಡು, ನನ್ನ ಕಡೆ ತಿರುಗಿ ಕೈ ಚಾಚಿದರು. ಒಂದು ತಾಸಿನ ದಾರಿ. ಒಂದು ಬಾಗಿಲು, ಒಬ್ಬ ಹೆಂಗಸು, ಎರಡು ಪದ.

"ಆಗಲ್ಲ ಮೈಕಣ್ಣ" ಎಂದೆ. "ಕ್ಲಾಸಿದೆ."

ಅವರು ನನ್ನನ್ನು ನೋಡಿದರು. ಆಮೇಲೆ ರಸ್ತೆಯ ಆ ಬದಿಯಲ್ಲಿ ಬೀಗ ಹಾಕಿದ್ದ ಸ್ಕೂಲಿನ ಗೇಟು ನೋಡಿದರು.

"ಸರಿ ಸಾರ್" ಎಂದು ಬಸ್ಸು ಹತ್ತಿದರು.

ಅವತ್ತು ಭಾನುವಾರ.